ಸಂಜೆ ಎಸಿ ಬಂದ್, ಬೆಳಿಗ್ಗೆ ಪ್ಲೇಟಿಗೆ ಬೆವರು

ಕರೆಂಟ್ ಬಿಲ್ ಕಂಡು ಹೌಹಾರಿದ ಆಡಳಿತದಿಂದ ಸುತ್ತೋಲೆ ಬಂತು: ಸಂಜೆ ಆರಕ್ಕೆ ಎಲ್ಲ ಎಸಿ ಬಂದ್. ಲೆಕ್ಕಪತ್ರ ವಿಭಾಗಕ್ಕೆ ಇದು ಸರಿಯೇ. ಗ್ರಾಮಫೋನ್ ಪ್ಲೇಟುಗಳ ಸ್ಟೋರ್ ರೂಮಿಗೂ ಅದೇ ನಿಯಮ ಹಾಕಿದ್ದು ಎಡವಟ್ಟು. ಮಂಗಳೂರಿನ ಆಟಿ ತಿಂಗಳು, ಜಡಿಮಳೆಯ ಕಾಲ. ಹೊರಗೆ 28 ಡಿಗ್ರಿ, ತೇವಾಂಶ ಶೇ. 90 ಇದ್ದರೆ ಇಬ್ಬನಿ ಬಿಂದು, ಅಂದರೆ ಗಾಳಿಯ ತೇವ ನೀರಾಗಿ ಕೂರುವ ಉಷ್ಣತೆ, 26ರ ಹತ್ತಿರ. ಹಗಲೆಲ್ಲ 18ಕ್ಕೆ ತಣಿದ ಪ್ಲೇಟು, ಕಬ್ಬಿಣದ ರ‍್ಯಾಕು, ಆಂಪ್ಲಿಫೈಯರಿನ ಲೋಹದ ಚೌಕಟ್ಟು ಎಲ್ಲವೂ ಅದಕ್ಕಿಂತ ತಣ್ಣಗಿವೆ. ಎಸಿ ನಿಂತು ಬಾಗಿಲ ಸಂದಿಯಿಂದ ಆ ಗಾಳಿ ನುಗ್ಗಿದರೆ ಬೆವರದೆ ಇನ್ನೇನು ಮಾಡುತ್ತವೆ?

ಬೆವರಿಗಿಂತ ಹೆಚ್ಚು ಗಾಬರಿ ಹುಟ್ಟಿಸಿದ್ದು ಲ್ಯಾಕರ್ ಡಿಸ್ಕುಗಳ ಮೇಲಿನ ಬಿಳಿ ಪುಡಿ. ಬೂಷ್ಟು ಎಂದುಕೊಂಡು ಸಹೋದ್ಯೋಗಿಯೊಬ್ಬರು ಹತ್ತಿಗೆ ಸ್ಪಿರಿಟ್ ಅದ್ದಿಯೇಬಿಟ್ಟಿದ್ದರು. ಹತ್ತಿ ಡಿಸ್ಕಿನಿಂದ ಗೇಣು ದೂರದಲ್ಲಿದ್ದಾಗ ಕೈ ಹಿಡಿದು ನಿಲ್ಲಿಸಬೇಕಾಯಿತು. ಲ್ಯಾಕರ್ ಡಿಸ್ಕ್ ಎಂದರೆ ಸಾಮಾನ್ಯವಾಗಿ ಅಲ್ಯುಮಿನಿಯಂ ತಟ್ಟೆಯ ಮೇಲೆ ನೈಟ್ರೊಸೆಲ್ಯುಲೋಸ್ ಲೇಪ. ಲೇಪ ಬಿರಿಯದಿರಲೆಂದು ಬೆರೆಸಿದ ಹರಳೆಣ್ಣೆ ವರ್ಷಗಳು ಕಳೆದಂತೆ ಒಡೆದು, ಕೊಬ್ಬಿನ ಆಮ್ಲವಾಗಿ ಮೇಲೆ ಬರುತ್ತದೆ. ಆ ಪುಡಿ ಅದೇ. ಭೂತಗನ್ನಡಿಯಲ್ಲಿ ನೋಡಿದರೆ ಬೂಷ್ಟು ಎಳೆಎಳೆಯಾಗಿ ಕವಲೊಡೆದಿರುತ್ತದೆ, ಇದು ಬರೀ ಜಿಡ್ಡು ಹಿಟ್ಟು. ಸ್ಪಿರಿಟ್ ತಾಗಿದರೆ ಪುಡಿಯ ಜೊತೆ ಲೇಪವೂ ಹಾಳಾಗುತ್ತದೆ. 78 ಆರ್‌ಪಿಎಂನ (ನಿಮಿಷಕ್ಕೆ 78 ಸುತ್ತಿನ) ಅರಗಿನ ಪ್ಲೇಟಿಗೂ ಸ್ಪಿರಿಟ್ ಕೂಡದು. ಅರಗು ಅದರಲ್ಲಿ ಕರಗುವುದು ಬಾಗಿಲಿಗೆ ಪಾಲಿಶ್ ಹಚ್ಚುವ ಬಡಗಿಗೂ ಗೊತ್ತು.

ಲ್ಯಾಕರಿಗೆ ಎಸಿಯ ಏರಿಳಿತ ಇನ್ನೊಂದು ರೀತಿಯಲ್ಲೂ ಕಂಟಕ. ಲೋಹವೂ ಲೇಪವೂ ಒಂದೇ ಪ್ರಮಾಣದಲ್ಲಿ ಹಿಗ್ಗಿ ಕುಗ್ಗುವುದಿಲ್ಲ. ಮೊದಲು ಕೂದಲೆಳೆಯಂಥ ಬಿರುಕು, ಆಮೇಲೆ ಚಕ್ಕೆ. ಚಕ್ಕೆ ಎದ್ದ ಮೇಲೆ ರಿಪೇರಿ ಎಂಬುದಿಲ್ಲ. ಡಿಜಿಟೈಸ್ ಮಾಡುವ ಸರದಿಯಲ್ಲಿ ಇವೇ ಮೊದಲು ಬರಬೇಕು, ಯಾರ ಹಾಡೇ ಇರಲಿ.

ಪಿವಿಸಿ ಪ್ಲಾಸ್ಟಿಕ್ಕಿನ ಎಲ್‌ಪಿ ಪ್ಲೇಟು ಗಟ್ಟಿ ಜೀವ. ಪಿವಿಸಿ ಮೆತ್ತಗಾಗುವುದು 60 ಡಿಗ್ರಿ ದಾಟಿದ ಮೇಲೆ ಎಂದು ಧೈರ್ಯವಾಗಿರುತ್ತಾರೆ, ಆದರೆ ಓರೆಯಾಗಿ ಭಾರ ಹೊತ್ತು ನಿಂತ ಪ್ಲೇಟು ಅದಕ್ಕಿಂತ ಬಹಳ ಕಡಿಮೆ ಬಿಸಿಗೇ ಸೊಟ್ಟಗಾಗುತ್ತದೆ. ಕವರ್ ಸಮೇತ ನೂರು ಎಲ್‌ಪಿ ಎಂದರೆ ಹೆಚ್ಚುಕಡಿಮೆ 25 ಕಿಲೊ. ನೆಟ್ಟಗೆ ನಿಲ್ಲಿಸಿ, ಅರ್ಧ ಅಡಿಗೊಂದು ತಡೆ ಕೊಡಿ. ಹೊಸ ಪ್ಲೇಟಿನ ಬಿಗಿ ಪ್ಲಾಸ್ಟಿಕ್ ಸುತ್ತನ್ನು ಬಿಚ್ಚಿಬಿಡಿ; ಬಿಸಿಗೆ ಅದು ಇನ್ನಷ್ಟು ಬಿಗಿದು ಪ್ಲೇಟನ್ನೇ ಬಗ್ಗಿಸುತ್ತದೆ.

ಪ್ಲೇಟು ಜೋಪಾನದ ಪುಸ್ತಕದಲ್ಲಿ 18 ಡಿಗ್ರಿ ಎಂದಿರುತ್ತದೆ. ಕರಾವಳಿಯಲ್ಲಿ ಸಾಮಾನ್ಯ ಸ್ಪ್ಲಿಟ್ ಎಸಿ ಇಟ್ಟುಕೊಂಡು ಅದರ ಬೆನ್ನು ಹತ್ತಬಾರದು. ಕಂಪ್ರೆಸರ್ ನಿಂತಾಗ ಫ್ಯಾನು ಮಾತ್ರ ತಿರುಗುತ್ತಿದ್ದರೆ, ಎಸಿಯೊಳಗಿನ ತಣ್ಣನೆ ಕಾಯಿಲ್ ಮೇಲಿನ ನೀರೆಲ್ಲ ಆವಿಯಾಗಿ ವಾಪಸ್ ಕೋಣೆಗೇ ಬರುತ್ತದೆ. ಹಗಲೂ ರಾತ್ರಿ 24 ಡಿಗ್ರಿ, ತೇವಾಂಶ ಶೇ. 50ರ ಆಸುಪಾಸು: ನನ್ನ ಮಟ್ಟಿಗೆ ಇದೇ ಗುರಿ. ಹಗಲು 18, ರಾತ್ರಿ 28 ಎನ್ನುವುದಕ್ಕಿಂತ ಎಸಿಯೇ ಇಲ್ಲದ, ಗಾಳಿಯ ತೇವ ಹೀರುವ ಡಿಹ್ಯುಮಿಡಿಫೈಯರ್ ಮಾತ್ರ ಇರುವ ಕೋಣೆ ವಾಸಿ. ಆ ಯಂತ್ರದ ನೀರನ್ನು ಪೈಪಿನಲ್ಲಿ ಮೋರಿಗೆ ಬಿಡಬೇಕು. ಅದರ ತೊಟ್ಟಿಯನ್ನು ನಂಬಿದರೆ ಶನಿವಾರ ರಾತ್ರಿ ತುಂಬಿ ಯಂತ್ರ ತಾನೇ ನಿಲ್ಲುತ್ತದೆ, ಭಾನುವಾರ ರಜೆ. ತೇವಾಂಶದ ಮೀಟರನ್ನು ಎಸಿ ಎದುರಿಗೆ ನೇತುಹಾಕಿ ಸಮಾಧಾನಪಟ್ಟುಕೊಳ್ಳುವ ಚಾಳಿಯೂ ಇದೆ. ಅದು ಇರಬೇಕಾದ್ದು ಹೊರಗೋಡೆಗೆ ತಾಗಿದ ರ‍್ಯಾಕಿನ ಕೆಳಗಿನ ಅರೆಯಲ್ಲಿ.

ತಣ್ಣನೆ ಸ್ಟೋರಿನಿಂದ ಪ್ಲೇಟು ಹೊರತೆಗೆಯುವಾಗ ಒಳಗೇ ಜಿಪ್ ಕವರಿಗೆ ಹಾಕಿ, ಮುಚ್ಚಿ, ಹೊರಗಿನ ಬಿಸಿಗೆ ಒಗ್ಗಿದ ಮೇಲೆಯೇ ಬಿಚ್ಚಿ. ಆಂಪ್ಲಿಫೈಯರಾದರೆ ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ಸ್ವಿಚ್ ಹಾಕಿ. ನುಡಿಸುವ ಕೋಣೆ ತೀರಾ ತಣ್ಣಗಿದ್ದರೆ ಸೂಜಿಯ ಹಿಂದಿನ ರಬ್ಬರ್ ಬಿರುಸಾಗಿ ಜೋರು ಸ್ವರಗಳು ಕರಕರ ಎನ್ನುತ್ತವೆ; ಅದಕ್ಕೆ ಪ್ಲೇಟನ್ನು ಬೈದು ಪ್ರಯೋಜನವಿಲ್ಲ. ಬಿಸಿಯ ಹೊಡೆತ ಬೀಳುವುದು ಆಂಪ್ಲಿಫೈಯರಿನೊಳಗಿನ ಎಲೆಕ್ಟ್ರೊಲಿಟಿಕ್ ಕೆಪಾಸಿಟರಿಗೆ: 10 ಡಿಗ್ರಿ ಏರಿದರೆ ಆಯಸ್ಸು ಸರಿಸುಮಾರು ಅರ್ಧ. ಹಾಗಾಗಿ ಆಂಪ್ಲಿಫೈಯರ್ ಮೇಲೆ ಇನ್ನೊಂದು ಪೆಟ್ಟಿಗೆ ಹೇರಬೇಡಿ. ರಬ್ಬರ್ ಚಕ್ರ ಒತ್ತಿ ತಿರುಗಿಸುವ ಹಳೆಯ ಟರ್ನ್‌ಟೇಬಲ್ ಇದ್ದರೆ ಕೆಲಸ ಮುಗಿದ ಕೂಡಲೇ ಲಿವರ್ ಆಫ್‌ಗೆ ತನ್ನಿ. ಒತ್ತಿಕೊಂಡೇ ಬಿಟ್ಟ ಚಕ್ರ ಸೆಕೆಗೆ ಒಂದು ಕಡೆ ಚಪ್ಪಟೆಯಾಗಿ, ಮರುದಿನ ಎಲ್ಲ ಪ್ಲೇಟಿನಲ್ಲೂ ಧಡ್ ಧಡ್ ಕೇಳಿಸುತ್ತದೆ.