ಚಿಮಣಿ ಮೇಲಿನ ತಗಡು

ನನ್ನದು ಜನರೇಟರ್ ಸರ್ವಿಸ್ ಕೆಲಸ. ಬೆಂಗಳೂರಿನ ಆಫೀಸು, ಅಪಾರ್ಟ್‌ಮೆಂಟುಗಳ ಡಿಜಿ ಸೆಟ್ (ಡೀಸೆಲ್ ಜನರೇಟರ್) ನೋಡಿಕೊಳ್ಳುವುದು ಹೊಟ್ಟೆಪಾಡು. ಜೊತೆಗೆ ರೈಲಿನ ಹುಚ್ಚು. ಬಿಡುವಿದ್ದ ಭಾನುವಾರ ನಾಲ್ಕೈದು ಜನ ಕೆ.ಆರ್.ಪುರಂನಲ್ಲಿ ಸೇರುತ್ತಿದ್ದೆವು. ಟೀ ಮತ್ತು ಹಳೆಯ ಡೀಸೆಲ್ ಇಂಜಿನ್‌ಗಳ ಮಾತು, ಅಷ್ಟೇ.

ಮಾತೆಲ್ಲ ಆಲ್ಕೊಗಳದ್ದೇ, ಅಂದರೆ ಅಮೆರಿಕದ ಆಲ್ಕೊ ಕಂಪನಿಯ ವಿನ್ಯಾಸದ ರೈಲು ಇಂಜಿನ್‌ಗಳದ್ದು. ಅದರಲ್ಲಿ ಡಬ್ಲ್ಯುಡಿಎಂ-2 ಮಾದರಿ ಅಂದರೆ 16 ಸಿಲಿಂಡರ್, 2,600 ಅಶ್ವಶಕ್ತಿ. ವಾರಣಾಸಿಯಲ್ಲಿ 1964ರಿಂದ ತಯಾರಾಗುತ್ತಿದ್ದವು. ಡ್ರೈವರ್ ನಾಚ್ (ವೇಗ ಹೆಚ್ಚಿಸುವ ಹಿಡಿಯ ಮೆಟ್ಟಿಲು) ಏರಿಸಿದ ಕೂಡಲೇ ಭುಸ್ಸೆಂದು ಕರಿ ಹೊಗೆ. ಡೀಸೆಲ್ ಮೊದಲು ನುಗ್ಗುತ್ತದೆ, ಇಂಜಿನ್‌ಗೆ ಗಾಳಿ ತುಂಬುವ ಟರ್ಬೊ ವೇಗ ಹಿಡಿದು ಗಾಳಿ ಕೊಡುವುದು ಆಮೇಲೆ. ನಮಗೆ ಆ ಹೊಗೆಯೇ ಹಬ್ಬ! ಲೈನಿಗೆ ಕರೆಂಟ್ ತಂತಿ ಬಂದ ಮೇಲೆ ಒಂದೊಂದಾಗಿ ಮೂಲೆ ಸೇರಿದವು. ಹುಲ್ಲು ಮುಚ್ಚಿದ ಹಳಿ, ಬಣ್ಣ ಹೋದ ಮೈ, ಅದರ ಮೇಲೆ ‘ಕೆಜೆಎಂ’ ಅಂತ ಕೆ.ಆರ್.ಪುರಂ ಶೆಡ್ಡಿನ ಅಕ್ಷರ. ಕೆಲವದರ ಚಿಮಣಿ ಮೇಲೆ ಒಂದು ತಗಡು. ಅದರಿಂದ ಫೋಟೊ ಕೆಡುತ್ತದೆ ಅಂತ ನಾವು ಗೊಣಗುತ್ತಿದ್ದೆವು.

ನಮ್ಮ ಜೊತೆ ಒಬ್ಬರು ರಿಟೈರ್ಡ್ ಫಿಟ್ಟರ್ ಇದ್ದರು. ಮೇಸ್ತ್ರಿ ಅಂತಲೇ ಕರೆಯುತ್ತಿದ್ದೆವು. “ತಗಡು ಸುಮ್ನೆ ಇಟ್ಟಿದ್ದಾರೇನಪ್ಪಾ? ನಿಂತ ಇಂಜಿನ್ ಹೊಟ್ಟೆಗೆ ಮಳೆ ನೀರು ಹೋಗಬಾರದು” ಅಂದಿದ್ದರು. ಹಾಗೆ ನಿಂತಿದ್ದನ್ನು ಮತ್ತೆ ಸ್ಟಾರ್ಟ್ ಮಾಡುವ ಮೊದಲು ಎಲ್ಲ ಸಿಲಿಂಡರಿನ ಟೆಸ್ಟ್ ಕಾಕ್ (ಒಳಗಿನ ನೀರು ಹೊರಬರುವ ಪುಟ್ಟ ನಲ್ಲಿ) ತೆರೆದು, ಇಂಜಿನ್ನನ್ನು ರಾಡ್ ಹಾಕಿ ಕೈಯಲ್ಲೇ ತಿರುಗಿಸಬೇಕಂತೆ. ನಾನು ಕಥೆ ಕೇಳಿದ ಹಾಗೆ ಕೇಳಿಸಿಕೊಂಡೆ.

2020. ಲಾಕ್‌ಡೌನ್ ಮುಗಿದು ಒಂದು ಆಫೀಸು ಬಾಗಿಲು ತೆರೆಯಿತು. ಡಿಜಿ ತಿಂಗಳುಗಟ್ಟಲೆ ಓಡಿರಲಿಲ್ಲ. ಆಯಿಲ್, ಕೂಲೆಂಟ್, ಬ್ಯಾಟರಿ ನೋಡಿದೆ, ಎಲ್ಲ ಸರಿ. ಸ್ಟಾರ್ಟರ್ ಒತ್ತಿದೆ. ‘ಟಕ್’ ಅಂತ ನಿಂತಿತು. ಅಲ್ಲೇ ಬಿಟ್ಟಿದ್ದರೆ ಬಚಾವಾಗುತ್ತಿದ್ದೆ. ಬ್ಯಾಟರಿ ವೀಕ್ ಅಂದುಕೊಂಡು ಇನ್ನೊಂದು ಬ್ಯಾಟರಿ ಸೇರಿಸಿ ಮತ್ತೆ ಒತ್ತಿದೆ. ಈ ಸಲ ಬಂದ ಸದ್ದು ಬೇರೆ.

ಸಿಲಿಂಡರಿಗೆ ಡೀಸೆಲ್ ಚಿಮುಕಿಸುವ ಇಂಜೆಕ್ಟರ್ ಬಿಚ್ಚಿದರೆ ತುಕ್ಕು ಬಣ್ಣದ ನೀರು. ಎಕ್ಸಾಸ್ಟ್ ಪೈಪಿನ ಬಾಯಿಗಿದ್ದ ಮುಚ್ಚಳ ಯಾವಾಗಲೋ ಬಿದ್ದುಹೋಗಿತ್ತು. ವಾಲ್ವ್ ತೆರೆದೇ ನಿಂತಿದ್ದ ಸಿಲಿಂಡರಿಗೆ ಮಳೆ ನೀರು ಇಳಿದಿತ್ತು. ಗಾಳಿಯನ್ನು ಒತ್ತಿದರೆ ಕುಗ್ಗುತ್ತದೆ, ನೀರು ಕುಗ್ಗುವುದಿಲ್ಲ. ಪಿಸ್ಟನ್ ಮೇಲೆ ಬರಲು ಜಾಗವಿಲ್ಲದೆ ಅದನ್ನು ತಳ್ಳುವ ಕನೆಕ್ಟಿಂಗ್ ರಾಡೇ ಬಾಗಿತ್ತು. ಬಿಲ್ಲು ನಮ್ಮ ಕಂಪನಿ ತಲೆಗೆ, ಬೈಗುಳ ನನ್ನ ತಲೆಗೆ.

ಈಗ ಜಾಸ್ತಿ ದಿನ ನಿಂತ ಯಾವುದೇ ಸೆಟ್ ಇರಲಿ, ಮೊದಲು ಇಂಜಿನ್ನಿನ ದೊಡ್ಡ ಚಕ್ರ, ಫ್ಲೈವೀಲನ್ನು ಕೈಯಲ್ಲಿ ಎರಡು ಸುತ್ತು ತಿರುಗಿಸುತ್ತೇನೆ. ಸ್ವಲ್ಪ ತಡೆದರೂ ಇಂಜೆಕ್ಟರ್ ಬಿಚ್ಚುತ್ತೇನೆ. ಮ್ಯಾನೇಜರ್ ಪಕ್ಕದಲ್ಲಿ ನಿಂತು ಗಡಿಯಾರ ನೋಡಿಕೊಳ್ಳಲಿ ಬಿಡಿ.

ಆ ಸೆಟ್ ರಿಪೇರಿಯಾದ ಮೇಲೆ ಮೇಸ್ತ್ರಿಗೆ ನಡೆದದ್ದೆಲ್ಲ ಹೇಳಿದೆ. ಬೈಯಲಿಲ್ಲ. “ಪೈಪಿಗೆ ಮುಚ್ಚಳ ಹಾಕಿಸಿದೆಯಾ?” ಅಂದರು.

ರಾಡು, ಪಿಸ್ಟನ್ನು, ಗ್ಯಾಸ್ಕೆಟ್ಟು, ಎಲ್ಲ ಹೊಸದು ಹಾಕಿದ್ದೆ. ಮುಚ್ಚಳ ಮರೆತಿದ್ದೆ. ಮರುದಿನ ಬೆಳಿಗ್ಗೆ ಅಂಗಡಿ ತೆರೆಯುವ ಮೊದಲೇ ಬಿಡಿಭಾಗಗಳ ಅಂಗಡಿಗಳಿರುವ ಎಸ್‌ಜೆಪಿ ರಸ್ತೆಯಲ್ಲಿದ್ದೆ.