ಕುಡತಿನಿಯ ಬೂದಿ ದಿಬ್ಬ: ಸುಟ್ಟಿದ್ದು ಭೀಮನೋ, ದನಗಾಹಿಗಳೋ?

ಬಳ್ಳಾರಿಯಿಂದ ಹೊಸಪೇಟೆ ಕಡೆ ಹೊರಟರೆ ದಾರಿಯಲ್ಲೇ ಕುಡತಿನಿ. ಉಷ್ಣ ವಿದ್ಯುತ್ ಸ್ಥಾವರದಿಂದಾಗಿ ಊರಿನ ಹೆಸರು ಎಲ್ಲರಿಗೂ ಗೊತ್ತು. ಅಲ್ಲೂ ಬೂದಿಗೇನೂ ಬರವಿಲ್ಲ ಬಿಡಿ. ಆದರೆ ನಾವು ಹೋಗಿದ್ದು ಹೊಸ ಶಿಲಾಯುಗದ ಬೂದಿ ನೋಡಲು.

ದೂರದಿಂದ ಅದು ಮಾಮೂಲಿ ಗುಡ್ಡ. ಹತ್ತಿರ ಹೋದರೆ ಬೂದುಬಿಳಿ ಪುಡಿ, ನಡುನಡುವೆ ಕರಗಿ ಗಟ್ಟಿಯಾದ ಕಿಟ್ಟದಂಥ ಗಡ್ಡೆಗಳು. "ಇಷ್ಟು ಬಿಸಿಲಲ್ಲಿ ಇದನ್ನ ನೋಡೋಕೆ ಬಂದ್ವಾ?" ಎಂದ ಜೊತೆಗಿದ್ದ ಗೆಳೆಯ.

ಸುಮ್ನೆ ನೋಡಿದರೆ ನಿಜಕ್ಕೂ ಏನೂ ಇಲ್ಲ. ಮಜಾ ಇರುವುದು ಈ ಬೂದಿಗೆ ಜನ ಕೊಟ್ಟ ಕಾರಣಗಳಲ್ಲಿ. ಭೀಮ ಹಿಡಿಂಬಾಸುರನನ್ನು ಕೊಂದು ಸುಟ್ಟ ಬೂದಿ ಇದು ಎನ್ನುವುದು ಹಳೇ ಕಥೆ. ಆಮೇಲೆ ಬಂದ ಬ್ರಿಟಿಷರಲ್ಲಿ ಜ್ವಾಲಾಮುಖಿಯ ಮಾತು ಬಂತು, ಭಟ್ಟಿಯ ಮಾತು ಬಂತು, ಹೆಣ ಸುಟ್ಟ ಜಾಗ ಎಂಬ ಮಾತೂ ಬಂತು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಮಾತ್ರ ಬೂದಿಯ ಜೊತೆ ಇನ್ನೇನು ಸಿಗುತ್ತದೆ ಎಂದು ನೋಡಿದರು. ನಯ ಮಾಡಿದ ಕಲ್ಲುಕೊಡಲಿ, ಮಡಕೆ ಚೂರು ಸಿಕ್ಕವು. ಇದು ದನದ ದೊಡ್ಡಿಯ ಸಗಣಿ ಸುಟ್ಟ ಬೂದಿ ಇರಬೇಕು ಎಂದರು. ಪುರಾತತ್ವದ ಮೊದಲ ಪಾಠವೇ ಅದು. ಒಂದು ವಸ್ತು ಒಂಟಿಯಾಗಿ ಹೇಳುವುದು ಕಡಿಮೆ. ಯಾವ ಪದರದಲ್ಲಿ, ಯಾವುದರ ಪಕ್ಕ ಬಿದ್ದಿತ್ತು ಎಂಬುದೇ ಜಾಸ್ತಿ ಹೇಳುತ್ತದೆ. ಅದಕ್ಕೇ ಗೆಳೆಯ ಚೂರೊಂದನ್ನು ಜೇಬಿಗೆ ಹಾಕಲು ಹೋದಾಗ ಬೈದು ಇಡಿಸಿದೆ.

ಫೂಟ್ ಹೇಳಿದ್ದನ್ನು ಎಲ್ಲರೂ ತಕ್ಷಣ ಒಪ್ಪಲಿಲ್ಲ. 1950ರ ದಶಕದ ಕೊನೆಗೆ ಝಾಯ್ನರ್ ಎಂಬ ವಿಜ್ಞಾನಿ ಬೂದಿಯನ್ನು ಪರೀಕ್ಷಿಸಿ, ಇದು ಸಗಣಿಯದೇ ಎಂದರು. 1957ರಲ್ಲಿ ಪುರಾತತ್ವಜ್ಞ ರೇಮಂಡ್ ಆಲ್ಚಿನ್ ಈಗಿನ ತೆಲಂಗಾಣದ ಉತ್ನೂರಿನಲ್ಲಿ ಇಂಥದೇ ದಿಬ್ಬವನ್ನು ಅಗೆದರು. ಅಲ್ಲಿ ಬೇಲಿಗೂಟ ನೆಟ್ಟ ಗುಳಿಗಳಿದ್ದವು, ದನಗಳ ಗೊರಸಿನ ಗುರುತುಗಳೂ ಇದ್ದವು! ನನ್ನ ಮಟ್ಟಿಗೆ ಇಡೀ ವಾದದಲ್ಲಿ ಇದಕ್ಕಿಂತ ಗಟ್ಟಿ ಸಾಕ್ಷಿ ಬೇರೆ ಇಲ್ಲ. ಹಿಡಿಂಬನಿಗೆ ಗೊರಸು ಇರಲಿಲ್ಲವಲ್ಲ.

"ಸರಿ, ಗೊಬ್ಬರ ಆಗೋ ಸಗಣೀನ ಯಾಕೆ ಸುಟ್ರು?" ಗೆಳೆಯ ಕೇಳಿದ್ದು ಸರಿಯಾದ ಪ್ರಶ್ನೆ. ಏನು ಸುಟ್ಟರು ಎಂಬುದನ್ನು ಪ್ರಯೋಗಾಲಯ ಹೇಳುತ್ತದೆ. ಯಾಕೆ ಎಂಬುದಕ್ಕೆ ಬದುಕಿರುವ ಜನರ ರೂಢಿಯನ್ನು ನೋಡಿ ಹೋಲಿಸಬೇಕು. ಆಲ್ಚಿನ್ ಇದನ್ನು ದನಕಾಯುವವರ ಹಬ್ಬದ ಬೆಂಕಿಗೆ ಹೋಲಿಸಿದರು. ನಮ್ಮ ಹಳೇ ಮೈಸೂರು ಕಡೆ ಸಂಕ್ರಾಂತಿಗೆ ದನಗಳನ್ನು ಕಿಚ್ಚು ಹಾಯಿಸುತ್ತಾರಲ್ಲ, ಆ ಥರ. ಚಂದದ ಊಹೆ, ಆದರೆ ಹೋಲಿಕೆಗೆ ಒಂದು ಮಿತಿ ಇದೆ. ನಡುವೆ ಸಾವಿರಾರು ವರ್ಷ ಬಿದ್ದಿವೆ. ಇವತ್ತಿನ ಹಬ್ಬದ ಅರ್ಥವೇ ಅವತ್ತೂ ಇತ್ತು ಎಂದು ಹೇಗೆ ಹೇಳುವುದು?

ಪುರಾತತ್ವಜ್ಞ ಕೆ. ಪದ್ದಯ್ಯ ಅವರು ಸುರಪುರ ಸೀಮೆಯ ಬೂದಿಹಾಳದಲ್ಲಿ ಅಗೆದಾಗ ಬೂದಿ ದಿಬ್ಬದ ಪಕ್ಕದಲ್ಲೇ ಜನವಸತಿ ಸಿಕ್ಕಿತು. ಪ್ರಾಣಿಗಳನ್ನು ಕಡಿದು ಮಾಂಸ ಮಾಡುತ್ತಿದ್ದ ಜಾಗವೂ ಸಿಕ್ಕಿತು. ಬೂದಿಯನ್ನೊಂದೇ ಅಗೆದಿದ್ದರೆ ದೊಡ್ಡಿ ಮಾತ್ರ ಕಾಣುತ್ತಿತ್ತು, ಅದರ ಮಗ್ಗುಲಲ್ಲಿ ಬದುಕಿದ ಜನ ಕಾಣುತ್ತಿರಲಿಲ್ಲ.

ಬೆಳಿಗ್ಗೆ ಬಳ್ಳಾರಿ ಪಕ್ಕದ ಸಂಗನಕಲ್ಲಿನ ಗುಡ್ಡ ಹತ್ತಿಯೇ ಬಂದಿದ್ದೆವು. ಹೊಸ ಶಿಲಾಯುಗದ ಜನ ಕರಿಕಲ್ಲಿನ ಕೊಡಲಿ ಮಾಡುತ್ತಿದ್ದ ದೊಡ್ಡ ಕಾರ್ಖಾನೆ ಅದು. ಚಕ್ಕೆಗಳ ರಾಶಿ, ಅರ್ಧಕ್ಕೇ ಬಿಟ್ಟ ಕೊಡಲಿಗಳು ಸಿಕ್ಕ ಜಾಗ. ಪೂರ್ತಿಯಾದ ಕೊಡಲಿ ಬಳಸುವವನ ಜೊತೆ ಹೊರಟುಹೋಗುತ್ತದೆ. ಕೆಟ್ಟುಹೋದದ್ದು, ಮಾಡಿದ ಜಾಗದಲ್ಲೇ ಉಳಿಯುತ್ತದೆ. ಕೆಲಸದ ಹಂತಗಳು ಗೊತ್ತಾಗುವುದು ಅದರಿಂದಲೇ.

ಸಂಜೆ ಹಂಪಿ ಹತ್ತಿರದ ನಿಂಬಾಪುರಕ್ಕೆ ಹೋದೆವು. ಅಲ್ಲೂ ಒಂದು ಬೂದಿ ದಿಬ್ಬ ಇದೆ. ಅದು ವಾಲಿಯನ್ನು ಸುಟ್ಟ ಜಾಗವಂತೆ. ಗೆಳೆಯ ಈ ಸಲ ಬಗ್ಗಿ ಗೊರಸಿನ ಗುರುತು ಹುಡುಕಲು ಶುರು ಮಾಡಿದ. ಅದೆಲ್ಲ ಮೇಲೆ ಕಾಣುವುದಿಲ್ಲ, ಪದರ ಪದರವಾಗಿ ಬಿಡಿಸಬೇಕು ಎಂದು ಎಬ್ಬಿಸಿದೆ.