ಲೋಹ ಕತ್ತರಿಸುವ ಬ್ಯಾಂಡ್‌ಸಾ ಮನೆಯಲ್ಲಿಟ್ಟುಕೊಳ್ಳೋಕೆ ಭಯ ಆಗಲ್ವಾ?

ನನ್ನ ಶೆಡ್ಡಿಗೆ ಬಂದವರೆಲ್ಲ ಮೂಲೆಯಲ್ಲಿರುವ, ಎರಡು ಚಕ್ರಗಳ ಮೇಲೆ ಹಲ್ಲಿನ ಪಟ್ಟಿ ಓಡಿಸಿ ಕತ್ತರಿಸುವ ಬ್ಯಾಂಡ್‌ಸಾ ನೋಡಿ ಇದನ್ನೇ ಕೇಳುತ್ತಾರೆ. "ಇಂಥದ್ದನ್ನ ಮನೇಲಿ ಇಟ್ಕೊಂಡಿದ್ದೀರಲ್ಲ, ಬೆರಳು ಹೋದ್ರೆ?" ಇನ್ನು ಕೆಲವರು ಫೋನ್ ಮಾಡಿ ಅದನ್ನೇ ಬೇರೆ ಥರ ಕೇಳುತ್ತಾರೆ. "ಗ್ರೈಂಡರ್ ಹಿಡಿದು ಸಾಕಾಗಿದೆ, ಒಂದು ಬ್ಯಾಂಡ್‌ಸಾ ತಗೊಳ್ಳೋಣ ಅಂತಿದ್ದೀನಿ. ಮನೆಗೆ ಆಗುತ್ತಾ?"

ಆಗುತ್ತೆ. ಡಿಸ್ಕ್ ಗಿರ್ರನೆ ತಿರುಗಿಸಿ ಲೋಹ ಕತ್ತರಿಸುವ ಆಂಗಲ್ ಗ್ರೈಂಡರ್ ಪಕ್ಕದಲ್ಲಿಟ್ಟು ನೋಡಿದರೆ ಇದು ಸಾಧು ಯಂತ್ರ. ಕಿಡಿಗಳ ಮಳೆ ಇಲ್ಲ, ಕಿವಿ ಕಿತ್ತುಹೋಗುವ ಸದ್ದಿಲ್ಲ, ಡಿಸ್ಕ್ ಒಡೆದು ಮುಖಕ್ಕೆ ಹಾರುವ ಭಯ ಇಲ್ಲ. ಆದರೆ ತೊಂದರೆ ಇರುವುದೂ ಈ ಸಾಧುತನದಲ್ಲೇ. ಗ್ರೈಂಡರ್ ಕೈಗೆತ್ತಿಕೊಂಡವರು ಅದರ ಅರಚಾಟಕ್ಕೇ ಅರ್ಧ ಹುಷಾರಾಗಿರುತ್ತಾರೆ. ಬ್ಯಾಂಡ್‌ಸಾ ಮುಂದೆ ನಿಂತವರು ಅದೂ ಇದೂ ಮಾತಾಡುತ್ತಾ ಕೈ ಎಲ್ಲಿದೆ ಅನ್ನೋದನ್ನೇ ಮರೆಯುತ್ತಾರೆ.

ಅದು ಎಷ್ಟು ನಿಧಾನ ಅಂತ ಸ್ವಲ್ಪ ಲೆಕ್ಕ ಹಾಕೋಣ. ಮರ ಕತ್ತರಿಸುವ ಬ್ಯಾಂಡ್‌ಸಾದ ಬ್ಲೇಡ್ ನಿಮಿಷಕ್ಕೆ ಸುಮಾರು 900 ಮೀಟರ್ ಓಡುತ್ತದೆ. ಆ ವೇಗದಲ್ಲಿ ಕಬ್ಬಿಣ ಕೊಟ್ಟರೆ ಹಲ್ಲು ಸುಟ್ಟು ಮೊಂಡಾಗುತ್ತದೆ, ಅದಕ್ಕೇ ಲೋಹದ ಯಂತ್ರ ನಿಧಾನ. ಮನೆಗಳಲ್ಲಿ ಹೆಚ್ಚಾಗಿ ಕಾಣುವ ಸಣ್ಣ ಯಂತ್ರದಲ್ಲಿ ಬೆಲ್ಟ್ ಬದಲಾಯಿಸಿ ಮೂರು ವೇಗ ಪಡೆಯಬಹುದು. ಕಡಿಮೆಯದು ನಿಮಿಷಕ್ಕೆ ಸುಮಾರು 24 ಮೀಟರ್, ಜಾಸ್ತಿಯದು 60 ಮೀಟರಿನ ಆಸುಪಾಸು. ನೋಡಿದರೆ ಬ್ಲೇಡ್ ತೆವಳಿದ ಹಾಗೆ ಕಾಣುತ್ತದೆ. ಆದರೆ 24 ಮೀಟರ್ ಅಂದರೆ ಸೆಕೆಂಡಿಗೆ 40 ಸೆಂಟಿಮೀಟರ್. ಇಂಚಿಗೆ 14 ಹಲ್ಲಿನ ಬ್ಲೇಡ್ ಆದರೆ ಒಂದೇ ಸೆಕೆಂಡಿನಲ್ಲಿ 220 ಹಲ್ಲು ನಿಮ್ಮ ಮುಂದೆ ಹಾದುಹೋಗುತ್ತವೆ. ಬೆಚ್ಚಿಬಿದ್ದು ಕೈ ಎಳೆದುಕೊಳ್ಳೋಕೆ ಕಾಲು ಸೆಕೆಂಡ್ ಬೇಕು ಅಂದುಕೊಳ್ಳಿ. ಅಷ್ಟರಲ್ಲಿ 50ಕ್ಕೂ ಜಾಸ್ತಿ ಹಲ್ಲು ತಮ್ಮ ಕೆಲಸ ಮುಗಿಸಿರುತ್ತವೆ. ಉಕ್ಕು ಕೊಯ್ಯುವ ಹಲ್ಲಿಗೆ ಬೆರಳು ಯಾವ ಲೆಕ್ಕ?

ಹಾಗಂತ ಬ್ಲೇಡನ್ನೇ ದಿಟ್ಟಿಸಿ ನೋಡುತ್ತಾ ನಿಂತರೆ ಪ್ರಯೋಜನ ಇಲ್ಲ. ಬ್ಲೇಡ್ ತನ್ನ ಜಾಗದಲ್ಲೇ ಇರುತ್ತದೆ, ಅದು ಎಲ್ಲಿಗೆ ಹೋಗುತ್ತದೆ ಅಂತ ಮೊದಲೇ ಗೊತ್ತು. ಗೊತ್ತಿಲ್ಲದ ಕಡೆ ಹೋಗುವುದು ಜಾಬ್, ಅಂದರೆ ನಾವು ಕತ್ತರಿಸೋಕೆ ಕಟ್ಟಿರುವ ರಾಡೋ ಪೈಪೋ ಪಟ್ಟಿಯೋ. ಅದು ಜಾರಿದರೆ, ಉರುಳಿದರೆ, ವಾಲಿದರೆ ಬ್ಲೇಡ್ ಸಿಕ್ಕಿಕೊಳ್ಳುತ್ತದೆ, ಹಲ್ಲು ಉದುರುತ್ತದೆ, ಹಿಡಿದ ಕೈ ಬ್ಲೇಡಿನ ಕಡೆ ಎಳೆದುಹೋಗುತ್ತದೆ. ಅದಕ್ಕೇ ನನ್ನ ಉತ್ತರ ಯಾವಾಗಲೂ ಜಾಬನ್ನು ದವಡೆಗಳ ನಡುವೆ ಬಿಗಿದು ಹಿಡಿಯುವ ವೈಸಿನಿಂದ ಶುರುವಾಗುತ್ತದೆ.

ಈ ಸಣ್ಣ ಯಂತ್ರಗಳು ಸಾಮಾನ್ಯವಾಗಿ ಎರಡು ಥರ ಕೆಲಸ ಮಾಡುತ್ತವೆ. ಬ್ಲೇಡ್ ಹೊತ್ತಿರುವ ತೋಳನ್ನು ಮಲಗಿಸಿದರೆ ಬ್ಲೇಡ್ ಆ ತೋಳಿನ ಭಾರಕ್ಕೇ ಕೆಳಗಿಳಿಯುತ್ತಾ ವೈಸಿನಲ್ಲಿರುವ ಜಾಬನ್ನು ಕತ್ತರಿಸುತ್ತದೆ. ನಿಲ್ಲಿಸಿದರೆ ಸಣ್ಣ ಮೇಜು ಸಿಕ್ಕಿಸಿ ಕೈಯಿಂದ ತಳ್ಳಿ ಕತ್ತರಿಸಬಹುದು. ಮಲಗಿಸಿದ ಸ್ಥಿತಿಯಲ್ಲಿ ಕೈ ಬ್ಲೇಡಿನ ಹತ್ತಿರ ಬರಬೇಕಾದ ಅಗತ್ಯವೇ ಇಲ್ಲ. ಬಂದಿದೆ ಅಂದರೆ ಜಾಬ್ ಸರಿಯಾಗಿ ಕಟ್ಟಿಲ್ಲ ಅಂತಲೇ ಅರ್ಥ.

ಗಿಡ್ಡ ತುಂಡು ತಗೊಳ್ಳಿ. ವೈಸಿನ ಒಂದೇ ತುದಿಯಲ್ಲಿ ಅದನ್ನು ಕಚ್ಚಿಸಿದರೆ, ಸರಿದಾಡುವ ದವಡೆ ಓರೆಯಾಗುತ್ತದೆ. ಬಿಗಿಯಾಗಿದೆ ಅಂತ ಕೈಗೆ ಅನಿಸುತ್ತದೆ, ಆದರೆ ಹಿಡಿದಿರುವುದು ಒಂದು ಮೂಲೆ ಮಾತ್ರ. ಬ್ಲೇಡ್ ಒತ್ತಿದ ಕೂಡಲೇ ತುಂಡು ತಿರುಗುತ್ತದೆ. ಇದಕ್ಕೆ ಉಪಾಯ ಸುಲಭ. ಅದೇ ಅಗಲದ ಇನ್ನೊಂದು ತುಂಡನ್ನು ದವಡೆಯ ಆಚೆ ತುದಿಗೆ ಪ್ಯಾಕಿಂಗ್ ಕೊಡಿ. ದವಡೆ ನೇರವಾಗಿ ನಿಂತು ಎರಡನ್ನೂ ಸಮನಾಗಿ ಹಿಡಿಯುತ್ತದೆ. ಕೆಲವರು ದವಡೆಗೇ ಒಂದು ತೂತು ಕೊರೆದು ಬೋಲ್ಟ್ ಹಾಕಿಕೊಂಡಿರುತ್ತಾರೆ, ಬೇಕಾದಷ್ಟು ಹೊರಗೆ ತಿರುಗಿಸಿದರೆ ಅದೇ ಪ್ಯಾಕಿಂಗ್. ಇದರಿಂದಲೂ ಹಿಡಿತ ಸಿಗದಷ್ಟು ಗಿಡ್ಡ ಇದ್ದರೆ ಆ ಕೆಲಸ ಕೈಯಿಂದ ಎಳೆಯುವ ಹ್ಯಾಕ್ಸಾಗೆ ಬಿಡಿ.

ಆಂಗಲ್, ಅಂದರೆ ಎರಡು ಕಾಲು ಮೂಲೆಯಲ್ಲಿ ಸೇರಿದ ಕಬ್ಬಿಣದ ಪಟ್ಟಿ, ಕತ್ತರಿಸುವಾಗ ಅದನ್ನು ಇಂಗ್ಲಿಷಿನ ಎಲ್ ಅಕ್ಷರದ ಹಾಗೆ ನಿಲ್ಲಿಸುವವರೇ ಜಾಸ್ತಿ. ಆಗ ಬ್ಲೇಡಿಗೆ ಮೊದಲು ಸಿಗುವುದು ನೆಟ್ಟಗೆ ನಿಂತ ಕಾಲಿನ ಅಂಚು, ಬರೀ 3 ಮಿ.ಮೀ. ದಪ್ಪದ್ದು. ಕೆಳಗೆ ಹೋದಾಗ ಪೂರ್ತಿ ಅಗಲದ ಕಾಲು ಒಮ್ಮೆಲೇ ಎದುರಾಗುತ್ತದೆ. ಬದಲಿಗೆ ಮೂಲೆ ಮೇಲೆ ಮಾಡಿ, ಎರಡೂ ಕಾಲು ಕೆಳಗೆ ಚಾಚಿ ಕೂರಿಸಿ. 3 ಮಿ.ಮೀ. ದಪ್ಪದ ಕಾಲನ್ನು ಓರೆಯಾಗಿ ಕತ್ತರಿಸುವಾಗ 4 ಮಿ.ಮೀ.ಗಿಂತ ಜಾಸ್ತಿ ಲೋಹ ಸಿಗುತ್ತದೆ. ಅದೂ ಎರಡು ಕಾಲಿನದ್ದು ಒಟ್ಟಿಗೆ, ಮೇಲಿನಿಂದ ಕೆಳಗಿನವರೆಗೂ ಹೆಚ್ಚುಕಮ್ಮಿ ಒಂದೇ ಸಮ. ಬ್ಲೇಡ್ ಕುಪ್ಪಳಿಸುವುದಿಲ್ಲ.

ಉದ್ದದ ರಾಡಿನ ವಿಷಯ ಚಿಕ್ಕದು: ಹೊರಗೆ ಚಾಚಿದ ತುದಿಗೆ ಸ್ಟ್ಯಾಂಡ್ ಕೊಡಿ. ಈ ಯಂತ್ರಗಳ ಜೊತೆ ಬರುವ ತಗಡಿನ ಕಾಲುಗಳು ಅಷ್ಟಕ್ಕಷ್ಟೆ. ಒಂದು ಕಡೆ ಭಾರ ಬಿದ್ದರೆ ಯಂತ್ರವೇ ಮಗುಚಬಹುದು. ತುಂಡಾಗಿ ಬೀಳುವ ಭಾಗ ದೊಡ್ಡದಿದ್ದರೆ ಅದಕ್ಕೂ ಕೆಳಗೆ ಆಸರೆ ಬೇಕು. ಬೀಳುವಾಗ ಕೈಯಲ್ಲಿ ಹಿಡಿಯೋಕೆ ಹೋಗಬೇಡಿ. ಬಿಸಿ ಇರುತ್ತದೆ, ಅಂಚಿನಲ್ಲಿ ಎದ್ದು ನಿಂತ ಲೋಹದ ಸಿಬಿರು, ಅಂದರೆ ಬರ್, ಚೂಪಾಗಿರುತ್ತದೆ. ಬ್ಯಾಂಡ್‌ಸಾ ಕೆಲಸದಲ್ಲಿ ರಕ್ತ ಬಂದಿದೆ ಅಂದರೆ ಎಷ್ಟೋ ಸಲ ಬ್ಲೇಡಿನ ತಪ್ಪಲ್ಲ, ಈ ಬರ್‌ನದ್ದು. ಕತ್ತರಿಸಿದ ಮೇಲೆ ಅರದಿಂದ ಎರಡು ಸಲ ಎಳೆದುಬಿಟ್ಟರೆ ಆಯ್ತು.

ಇನ್ನು ಹಲ್ಲಿನ ಲೆಕ್ಕ. ಯಾವಾಗಲೂ ಕಡಿಮೆ ಅಂದರೆ ಮೂರು ಹಲ್ಲಾದರೂ ಲೋಹದೊಳಗೆ ಇರಬೇಕು. ಇಂಚಿಗೆ 14 ಇದ್ದರೆ ಹಲ್ಲಿಂದ ಹಲ್ಲಿಗೆ ಸುಮಾರು 1.8 ಮಿ.ಮೀ., 24 ಇದ್ದರೆ ಸುಮಾರು 1 ಮಿ.ಮೀ. ಅಂತರ. ತೆಳು ಗೋಡೆಯ ಪೈಪಿಗೆ ದೊಡ್ಡ ಹಲ್ಲಿನ ಬ್ಲೇಡ್ ಕೊಟ್ಟರೆ ಗೋಡೆ ಎರಡು ಹಲ್ಲಿನ ನಡುವೆ ಹೊಕ್ಕು ಸಿಕ್ಕಿಕೊಳ್ಳುತ್ತದೆ, ಹಲ್ಲು ಸಾಲಾಗಿ ಕಿತ್ತುಬರುತ್ತದೆ. ದಪ್ಪ ರಾಡಿಗೆ ಸಣ್ಣ ಹಲ್ಲು ಕೊಟ್ಟರೂ ತೊಂದರೆ. ಪುಡಿ ಹೋಗೋಕೆ ಜಾಗ ಇಲ್ಲದೆ ಬ್ಲೇಡ್ ಸುಮ್ನೆ ಉಜ್ಜುತ್ತಾ ಬಿಸಿಯಾಗುತ್ತದೆ. 50 ಮಿ.ಮೀ. ಗಟ್ಟಿ ರಾಡಿಗೆ ಇಂಚಿಗೆ 6ರಿಂದ 10 ಹಲ್ಲು ಸರಿ. ಎಲ್ಲದಕ್ಕೂ ಒಂದೇ ಬ್ಲೇಡ್ ಬೇಕು ಅನ್ನುವವರಿಗೆ 10/14 ಅಂತ ಬರೆದಿರುವ, ಹಲ್ಲಿನ ಅಂತರ ಬದಲಾಗುತ್ತಾ ಹೋಗುವ ಬೈಮೆಟಲ್ ಬ್ಲೇಡ್ ತಗೊಳ್ಳಿ ಅಂತೀನಿ. ಹಲ್ಲಿಗೆ ಹೈಸ್ಪೀಡ್ ಸ್ಟೀಲ್, ಬೆನ್ನಿಗೆ ಬಾಗುವ ಸ್ಟೀಲ್, ಎರಡನ್ನೂ ಬೆಸೆದು ಮಾಡಿದ್ದು. ಸಾದಾ ಕಾರ್ಬನ್ ಬ್ಲೇಡಿಗಿಂತ ತುಂಬಾ ದಿನ ಬರುತ್ತದೆ.

ಬ್ಲೇಡನ್ನು ಎರಡು ಕಡೆ ನೇರ ಹಿಡಿಯುವ ಗೈಡುಗಳನ್ನು ಜಾಬಿಗೆ ಎಷ್ಟು ಹತ್ತಿರ ತರಬಹುದೋ ಅಷ್ಟು ತನ್ನಿ. ಕಟ್ ನೇರ ಬರುತ್ತದೆ, ತೆರೆದಿರುವ ಬ್ಲೇಡೂ ಅಷ್ಟೇ ಕಡಿಮೆ. ಒಂದೇ ತಿರುಪಿಗೆ ಎರಡು ಲಾಭ. ಆದರೂ ಯಾಕೋ ಜನ ಇದನ್ನು ಸರಿಸುವುದೇ ಇಲ್ಲ, ಕಂಪನಿಯಿಂದ ಬಂದ ಜಾಗದಲ್ಲೇ ವರ್ಷಗಟ್ಟಲೆ ಇರುತ್ತದೆ.

ಕತ್ತರಿಸುವಾಗ ಉದುರುವ ಲೋಹದ ಚೂರು, ಅಂದರೆ ಚಿಪ್ಸ್, ನೋಡುತ್ತಿರಿ. ಮೈಲ್ಡ್ ಸ್ಟೀಲಿನಿಂದ ಬೆಳ್ಳಿ ಬಣ್ಣದ, ಸಣ್ಣಗೆ ಸುರುಳಿ ಸುತ್ತಿದ ಚೂರು ಬರುತ್ತಿದ್ದರೆ ಎಲ್ಲ ಸರಿ ಇದೆ. ಹಿಟ್ಟಿನಂಥ ಪುಡಿ ಬಂದರೆ ಬ್ಲೇಡ್ ಕೊಯ್ಯುತ್ತಿಲ್ಲ, ಉಜ್ಜುತ್ತಿದೆ. ಒತ್ತಡ ಸಾಲದು, ಇಲ್ಲಾ ಹಲ್ಲು ಸವೆದಿದೆ. ನೀಲಿ ತಿರುಗಿದ ದಪ್ಪ ಚೂರು ಬಂದರೆ ವೇಗವೋ ಒತ್ತಡವೋ ಅತಿಯಾಗಿದೆ. ತೋಳಿನ ಭಾರ ತಡೆದು ಹಿಡಿಯುವ ಸ್ಪ್ರಿಂಗ್ ಸರಿಮಾಡಿ, ಕೈಯಿಂದ ಒತ್ತಬೇಡಿ. ಬೇಗ ಮುಗಿಯಲಿ ಅಂತ ತೋಳಿನ ಮೇಲೆ ಭಾರ ಹಾಕಿ ನಿಂತವರು, ಕಟ್ ಮುಗಿದು ತೋಳು ದಢಕ್ಕನೆ ಇಳಿದಾಗ ತಾವೂ ಮುಗ್ಗರಿಸುತ್ತಾರೆ. ಬಿದ್ದ ಚಿಪ್ಸ್ ಬಾಚೋಕೆ ಬ್ರಷ್ ಇರಲಿ. ಬರಿಗೈ ಬೇಡ, ಏರ್ ಗನ್ನೂ ಬೇಡ. ಗಾಳಿ ಹೊಡೆದರೆ ಚೂರು ನೇರ ಕಣ್ಣಿಗೇ. ಕನ್ನಡಕ ಹಾಕದೆ ಸ್ವಿಚ್ ಮುಟ್ಟಬಾರದು ಅನ್ನೋದನ್ನು ಬೇರೆ ಹೇಳಬೇಕಾಗಿಲ್ಲ ಅಲ್ವಾ?

ಅರ್ಧ ಕಟ್ ಆದಾಗ ಬ್ಲೇಡ್ ತುಂಡಾಯಿತು ಅಂದುಕೊಳ್ಳಿ. ಹೊಸದು ಹಾಕಿ ಅದೇ ಗೀರಿನಲ್ಲಿ ಮುಂದುವರಿಸಬೇಡಿ. ಹಳೆ ಹಲ್ಲು ಸವೆದು ಗೀರು ಕಿರಿದಾಗಿರುತ್ತದೆ. ಹೊಸ ಹಲ್ಲಿನ ಅಗಲ ಜಾಸ್ತಿ, ಹೋಗಿ ಸಿಕ್ಕಿಕೊಳ್ಳುತ್ತದೆ. ಜಾಬ್ ಮಗುಚಿ ಹಾಕಿ ಆ ಕಡೆಯಿಂದ ಶುರುಮಾಡಿ, ಹಳೆ ಗೀರು ಸೇರುವ ಮೊದಲೇ ಸಾಕುಮಾಡಿ ಉಳಿದದ್ದನ್ನು ಹ್ಯಾಕ್ಸಾದಿಂದ ಬಿಡಿಸಿಕೊಳ್ಳಿ.

ನಿಲ್ಲಿಸಿ ಕತ್ತರಿಸುವುದು ಬೇರೆಯೇ ಕಥೆ. ಇಲ್ಲಿ ಕೈ ನಿಜವಾಗಲೂ ಬ್ಲೇಡಿನ ಹತ್ತಿರ ಬರುತ್ತದೆ. ಸಮಾಧಾನದ ಮಾತು ಅಂದರೆ ಬ್ಲೇಡ್ ಜಾಬನ್ನು ಮೇಜಿಗೆ ಒತ್ತಿ ಹಿಡಿಯುತ್ತದೆ, ಸರ್ಕ್ಯುಲರ್ ಸಾ ಥರ ನಿಮ್ಮ ಕಡೆಗೆ ಎಸೆಯುವುದಿಲ್ಲ. ಆದರೆ ದುಂಡು ರಾಡನ್ನು ಕೈಯಲ್ಲಿ ಹಿಡಿದು ಕೊಟ್ಟಿರೋ, ಬ್ಲೇಡ್ ಅದನ್ನು ಗಕ್ಕನೆ ಉರುಳಿಸುತ್ತದೆ, ಬೆರಳೂ ಜೊತೆಗೇ ಹೋಗುತ್ತದೆ. ದುಂಡಗಿರುವುದು ಇಂಗ್ಲಿಷಿನ ವಿ ಅಕ್ಷರದ ಹಾಗೆ ಕೊರೆದ ಗಟ್ಟಿಗೆ, ಅಂದರೆ ವಿ ಬ್ಲಾಕಿಗೆ ಕ್ಲ್ಯಾಂಪ್ ಆಗಿರಲೇಬೇಕು. ತಗಡಿನ ಕೆಳಗೆ ಪ್ಲೈವುಡ್ ಇಟ್ಟು ಎರಡನ್ನೂ ಸೇರಿಸಿ ಕತ್ತರಿಸಿ. ತಳ್ಳೋಕೆ ಮರದ ತುಂಡು ಬಳಸಿ. ಕೈ ಬ್ಲೇಡಿನ ಎರಡು ಪಕ್ಕಕ್ಕಿರಲಿ, ಯಾವತ್ತೂ ಅದರ ನೇರಕ್ಕೆ ಬೇಡ. ಕೊನೆಯ ಕೆಲವು ಮಿಲಿಮೀಟರ್ ಬಂದಾಗ ತಳ್ಳುವ ಬಲ ಕಡಿಮೆ ಮಾಡಿ. ಲೋಹ ಮುಗಿದ ಕ್ಷಣಕ್ಕೆ ತಡೆ ಇಲ್ಲವಾಗಿ ಕೈ ತಾನಾಗೇ ಮುಂದಕ್ಕೆ ನುಗ್ಗುತ್ತದೆ.

"ಗ್ಲೌಸ್ ಹಾಕಬೇಕಲ್ವಾ?" ಇದು ಮುಂದಿನ ಪ್ರಶ್ನೆ, ಕೇಳಿದವರು ತಲೆಯಾಡಿಸುವುದನ್ನೇ ಕಾಯುತ್ತಿರುತ್ತಾರೆ. ಬ್ಲೇಡ್ ಓಡುವಾಗ ಬೇಡ. ಬಟ್ಟೆಯೋ ಚರ್ಮವೋ ಹಲ್ಲಿಗೆ ಸಿಕ್ಕಿದರೆ ಪೂರ್ತಿ ಕೈಯನ್ನೇ ಎಳೆದುಕೊಂಡು ಹೋಗುತ್ತದೆ. ಉಂಗುರ, ಕೈಗಡಿಯಾರ, ಜೋಲುವ ತೋಳು, ಬಿಚ್ಚಿದ ಕೂದಲು ಯಾವುದೂ ಬೇಡ. ಗ್ಲೌಸ್ ಬೇಕಾಗುವುದು ಬ್ಲೇಡ್ ಬದಲಾಯಿಸುವಾಗ.

ಆ ಕೆಲಸಕ್ಕೆ ಮೊದಲು ಪ್ಲಗ್ ಕಿತ್ತು ಕಣ್ಣಿಗೆ ಕಾಣುವ ಹಾಗೆ ಮುಂದೆ ಇಟ್ಟುಕೊಳ್ಳಿ. ಸ್ವಿಚ್ ಆಫ್ ಮಾಡಿದರೆ ಸಾಲದು. ಹೊಸ ಬ್ಲೇಡ್ ಮೂರು ಸುತ್ತು ಸುತ್ತಿ ತಂತಿ ಕಟ್ಟಿ ಬಂದಿರುತ್ತದೆ. ಸಣ್ಣ ಯಂತ್ರದ ಬ್ಲೇಡೇ 1638 ಮಿ.ಮೀ. ಉದ್ದ, ಒಳಗೆ ಸ್ಪ್ರಿಂಗಿನ ಬಲ ತುಂಬಿಕೊಂಡು ಕೂತಿರುತ್ತದೆ. ತಂತಿ ಕತ್ತರಿಸಿದ ಕೂಡಲೇ ಛಟ್ಟನೆ ಬಿಚ್ಚಿಕೊಂಡು ಮುಖದೆತ್ತರಕ್ಕೆ ಬರುತ್ತದೆ. ಗ್ಲೌಸು ಕನ್ನಡಕ ಹಾಕಿ, ತೋಳು ಉದ್ದ ಚಾಚಿ, ಒಂದು ಕೈಯಲ್ಲಿ ಸುರುಳಿ ಬಿಗಿಹಿಡಿದು, ಒಂದೊಂದೇ ಸುತ್ತು ಬಿಡಿ. ಪಕ್ಕದಲ್ಲಿ ಯಾರೂ ನಿಂತಿರಬಾರದು. ಹಲ್ಲಿನ ಮೊನೆ ಬ್ಲೇಡ್ ಓಡುವ ದಿಕ್ಕಿಗೆ ಇರಬೇಕು. ಉಲ್ಟಾ ಕಂಡರೆ ಬ್ಲೇಡನ್ನೇ ಒಳಹೊರಗು ಮಾಡಿ. ಚಕ್ರಕ್ಕೆ ಕೂರಿಸಿ, ಬಿಗಿ ಮಾಡಿ, ಪ್ಲಗ್ ಹಾಕುವ ಮೊದಲು ಕೈಯಿಂದ ಒಂದು ಸುತ್ತು ತಿರುಗಿಸಿ ನೋಡಿ. ಕವರ್ ಮುಚ್ಚಿದ ಮೇಲೇ ಕರೆಂಟು. ಓಡುವಾಗ ಬ್ಲೇಡ್ ತುಂಡಾದರೆ ಢಬ್ ಅಂತ ಸದ್ದಾಗುತ್ತದೆ. ಚಕ್ರ ಪೂರ್ತಿ ನಿಲ್ಲುವವರೆಗೂ ಕವರ್ ತೆರೆಯಬೇಡಿ.

ಮನೆ ಅನ್ನುವುದಕ್ಕೇ ಸೇರಿದ ಎರಡು ಮಾತಿವೆ. ಒಂದು, ಕರೆಂಟು ಹೋಗಿ ಬಂದಾಗ ಯಂತ್ರ ತಾನಾಗಿ ಶುರುವಾಗಬಾರದು. ಸಾದಾ ಸ್ವಿಚ್ ಇದ್ದರೆ ಕರೆಂಟು ಬಂದ ತಕ್ಷಣ ಬ್ಲೇಡ್ ಓಡುತ್ತದೆ, ಆಗ ನಿಮ್ಮ ಕೈ ಎಲ್ಲಿರುತ್ತದೋ! ಕರೆಂಟು ಹೋದರೆ ಆಫ್ ಆಗಿ, ಮತ್ತೆ ಒತ್ತಿದರೆ ಮಾತ್ರ ಶುರುವಾಗುವ ಸ್ವಿಚ್ ಹಾಕಿಸಿ. ಬ್ಲೇಡ್ ತಂಪಾಗಿಡುವ ದ್ರವ, ಅಂದರೆ ಕೂಲೆಂಟ್, ಬಳಸುವವರಿಗೆ ಸರಿಯಾದ ಅರ್ತಿಂಗೂ ಕರೆಂಟು ಸೋರಿದರೆ ತಕ್ಷಣ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಡಿಯೂ ಬೇಕೇ ಬೇಕು. ಎರಡು, ಮಕ್ಕಳು. ಕೆಲಸ ಮುಗಿದ ಮೇಲೆ ಪ್ಲಗ್ ಕಿತ್ತಿಡಿ, ಶೆಡ್ಡಿಗೆ ಬೀಗ ಹಾಕಿ. ಕಟ್ ಮುಗಿದಾಗ ಯಂತ್ರ ತಾನೇ ಆಫ್ ಆಗುತ್ತದೆ ಅಂತ ಕಾಫಿ ಕುಡಿಯೋಕೆ ಎದ್ದು ಹೋಗಬೇಡಿ. ಆ ಸ್ವಿಚ್ಚಿನ ಕಡ್ಡಿ ಸ್ವಲ್ಪ ಬಾಗಿದರೂ ಕೆಲಸ ಮಾಡಲ್ಲ.

ಬ್ಲೇಡಿಗೆ ಕೊಡಲೇಬಾರದ್ದು ಅಂದರೆ ಬಾಯಿ ಮುಚ್ಚಿದ ಡ್ರಮ್ಮು, ಹಳೆ ಇಂಧನ ಟ್ಯಾಂಕು, ಗ್ಯಾಸ್ ಸಿಲಿಂಡರು. ಒಳಗೆ ಉಳಿದ ಆವಿಗೆ ಒಂದೇ ಕಿಡಿ ಸಾಕು. ಮೆಗ್ನೀಸಿಯಂ ಚಿಪ್ಸಿಗೆ ಬೆಂಕಿ ಹತ್ತುತ್ತದೆ, ನೀರು ಹಾಕಿದರೆ ಇನ್ನೂ ಜಾಸ್ತಿಯಾಗುತ್ತದೆ, ಅದೂ ಬೇಡ.

ಇಷ್ಟೆಲ್ಲ ಕೇಳಿದ ಮೇಲೂ ತಗೊಂಡೇ ತಗೊಳ್ಳುತ್ತೇವೆ ಅನ್ನುವವರು ಮೊದಲು ಏನು ಕತ್ತರಿಸಲಿ ಅಂತಾರೆ. 25 ಮಿ.ಮೀ. ಮೈಲ್ಡ್ ಸ್ಟೀಲ್ ಚೌಕ ರಾಡ್ ತಗೊಳ್ಳಿ. ಯಂತ್ರ ಮಲಗಿಸಿ, ಕಡಿಮೆ ವೇಗದಲ್ಲಿ, ಸ್ಪ್ರಿಂಗ್ ಬಿಗಿ ಇಟ್ಟು, ಹೊಸ ಬ್ಲೇಡಿಗೆ ಅರ್ಧ ಒತ್ತಡ ಮಾತ್ರ ಬೀಳುವ ಹಾಗೆ ಶುರುಮಾಡಿ. ತುಂಡಾದ ಮೇಲೆ ಮೂಲೆಮಟ್ಟ ಇಟ್ಟು ನೋಡಿ. ಓರೆ ಬಂದಿದ್ದರೆ ಗೈಡ್ ಸರಿಮಾಡಿಕೊಂಡು ಮತ್ತೆ ಕತ್ತರಿಸಿ. ಸತತವಾಗಿ ನೇರ ಬರುವವರೆಗೂ ನಿಲ್ಲಿಸಿ ಕತ್ತರಿಸುವ ಆ ಸಣ್ಣ ಮೇಜನ್ನು ಡಬ್ಬಿಯಿಂದ ಹೊರಗೆ ತೆಗೆಯಬೇಡಿ.